ಕೊನೇಲಿ 7 ಇದ್ದ ಮಾತ್ರಕ್ಕೆ ಅವಿಭಾಜ್ಯ ಆಗಲ್ಲ ಕಣ್ರೀ

ಅವಿಭಾಜ್ಯ ಸಂಖ್ಯೆ ಅಂದ್ರೆ 1ಕ್ಕಿಂತ ದೊಡ್ಡದು, 1 ಮತ್ತು ತನ್ನನ್ನ ಬಿಟ್ಟು ಬೇರೆ ಯಾವುದರಿಂದ್ಲೂ ಶೇಷ ಇಲ್ಲದೆ ಭಾಗ ಹೋಗದ್ದು, ಜಾಸ್ತಿ ಬೇಕಿದ್ರೆ ಸ್ಕೂಲ್ ಬುಕ್ಕಲ್ಲಿದೆ, ನೋಡ್ಕೊಳ್ಳಿ. ತುಮಕೂರಲ್ಲಿ ನನ್ನ ಹತ್ರ ಕೋಚಿಂಗ್‌ಗೆ ಬರೋ ಹುಡುಗ್ರೂ 'ಈ ಸಂಖ್ಯೆ ಅವಿಭಾಜ್ಯನಾ' ಅಂತಲೇ ಕೇಳ್ತಾರೆ, ಓದುಗರೂ ಇದನ್ನೇ ಕೇಳ್ತಾರೆ, ಅದಕ್ಕೇ ಈ ಸಲ ಪೂರ್ತಿ ಬರೀತಿದೀನಿ.

ಪ್ರಶ್ನೆ (ಶಿರಾ): ಸರ್, 4294967297ನ 2, 3, 5, 7, 11, 13 ಯಾವುದರಿಂದ ಭಾಗಿಸಿದ್ರೂ ಶೇಷ ಉಳಿಯುತ್ತೆ, ಕೊನೇಲಿ 7 ಬೇರೆ ಇದೆ. ಅವಿಭಾಜ್ಯ ತಾನೇ?

ಅಲ್ಲ. ಕೊನೇಲಿ 7 ಇದ್ರೆ ಅವಿಭಾಜ್ಯ ಅಂತ ಯಾರ್ರೀ ಹೇಳ್ಕೊಟ್ಟಿದ್ದು, 27 ಏನು, 57 ಏನು? ಆರು ಸಲ ಭಾಗಿಸಿ ಕೈತೊಳ್ಕೊಂಡ್ರೆ ಆಗಲ್ಲ, ವರ್ಗಮೂಲದವರೆಗೆ ಹೋಗ್ಬೇಕು, ಇದರ ವರ್ಗಮೂಲ 65536ಕ್ಕಿಂತ ಚೂರೇ ಚೂರು ಜಾಸ್ತಿ, ಅಷ್ಟರೊಳಗೆ 6542 ಅವಿಭಾಜ್ಯಗಳಿವೆ. ಬೇಜಾರಾಗ್ಬೇಡಿ, ಇದೇ ಸಂಖ್ಯೇಲಿ ಫರ್ಮಾ ಅನ್ನೋ ದೊಡ್ಡ ಗಣಿತಜ್ಞನೇ ಎಡವಿದ್ದ. ಇದು 2ರ 32ನೇ ಘಾತಕ್ಕೆ 1 ಕೂಡಿಸಿದ್ದು. ಇದೇ ಜಾತಿಯ ಚಿಕ್ಕವು, ಅಂದ್ರೆ 2ರ 1, 2, 4, 8, 16ನೇ ಘಾತಕ್ಕೆ 1 ಕೂಡಿಸಿದ 3, 5, 17, 257, 65537 ಐದೂ ಅವಿಭಾಜ್ಯ, ಹಂಗಾಗಿ ಮುಂದಿನವೂ ಅಷ್ಟೇ ಅಂತ ನಂಬಿಬಿಟ್ಟ. 1732ರಲ್ಲಿ ಆಯ್ಲರ್ ಅನ್ನೋ ಗಣಿತಜ್ಞ ಬಂದು 641 × 6700417 ಅಂತ ಒಡೆದು ತೋರಿಸಿದ.

641 ಎಲ್ಲಿಂದ ಬಂತು? ಇದರ ಅವಿಭಾಜ್ಯ ಭಾಜಕ ಯಾವುದೇ ಇರಲಿ, ಅದನ್ನ 64ರಿಂದ ಭಾಗಿಸಿದ್ರೆ 1 ಉಳೀಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641, ಐದನೇದಕ್ಕೇ ಸಿಕ್ಕಿಬಿತ್ತು. ತಾಳೆ ನೋಡೋಕೆ ಪೆನ್ನು ಹಾಳೆ ಸಾಕು: 640 ಅಂದ್ರೆ 5 × 2ರ 7ನೇ ಘಾತ, 641ಕ್ಕೆ ಅದು 1 ಕಮ್ಮಿ, ಹಂಗಾಗಿ 641ರಿಂದ ಭಾಗಿಸೋ ಲೆಕ್ಕದಲ್ಲಿ ಅದರ ಶೇಷ ಮೈನಸ್ 1, ನಾಲ್ಕನೇ ಘಾತಕ್ಕೆ ಏರಿಸಿದ್ರೆ 625 × 2ರ 28ನೇ ಘಾತ, ಶೇಷ 1. ಆದ್ರೆ 641 = 625 + 16, ಅದಕ್ಕೆ 625ರ ಜಾಗದಲ್ಲಿ ಮೈನಸ್ 16 ಇಡಿ, 16 ಅಂದ್ರೆ 2ರ 4ನೇ ಘಾತ, 2ರ 32ನೇ ಘಾತದ ಶೇಷ ಮೈನಸ್ 1 ಅಂತ ಬರುತ್ತೆ, 1 ಕೂಡಿಸಿ, ಸೊನ್ನೆ.

ಇನ್ನೊಂದು ಎಚ್ಚರಿಕೆ. ಫರ್ಮಾ ಟೆಸ್ಟ್ ಅಂದ್ರೆ ಒಂದು ಚಿಕ್ಕ ಸಂಖ್ಯೆಯನ್ನ, ಪರೀಕ್ಷಿಸೋ ಸಂಖ್ಯೆಗಿಂತ 1 ಕಮ್ಮಿ ಇರೋ ಘಾತಕ್ಕೆ ಏರಿಸಿ, ಪರೀಕ್ಷಿಸೋ ಸಂಖ್ಯೆಯಿಂದ ಭಾಗಿಸಿದ್ರೆ ಶೇಷ 1 ಬರುತ್ತಾ ಅಂತ ನೋಡೋದು; 2 ಇಟ್ಟು ಮಾಡಿದ್ರೆ ಈ ಸಂಖ್ಯೆ ಆರಾಮಾಗಿ ಪಾಸಾಗುತ್ತೆ, 3 ಇಟ್ರೆ ಫೇಲ್. ಒಂದೇ ಟೆಸ್ಟ್ ನೋಡಿ ಯಾರಾದ್ರೂ ಅವಿಭಾಜ್ಯ ಅಂದ್ರೆ ನಾನಂತೂ ಒಪ್ಪಲ್ಲ. ಎಕ್ಸೆಲ್‌ನಲ್ಲೂ 15 ಅಂಕಿ ದಾಟಿದ್ರೆ ಉಳಿದಿದ್ದು ಸೊನ್ನೆ ಆಗೋಗುತ್ತೆ, ಅದರಲ್ಲಿ ಶೇಷ ನೋಡೋಕೆ ಹೋಗ್ಬೇಡಿ.

ಪ್ರಶ್ನೆ (ಕೋಲಾರ): ನಮ್ಮ ಪಿನ್‌ಕೋಡ್ 563101 ಅವಿಭಾಜ್ಯನಾ?

7 × 80443. ಚಿಕ್ಕಬಳ್ಳಾಪುರದವರು ಕೇಳೋ ಮುಂಚೆನೇ ಹೇಳ್ತೀನಿ, 562101ರ ಅಂಕಿ ಕೂಡಿದ್ರೆ 15, ಮೂರರಿಂದ ಹೋಗುತ್ತೆ.

ಪ್ರಶ್ನೆ (ತಿಪಟೂರು): ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಯಾವುದು?

ಅಂಥದ್ದು ಇಲ್ಲ, ಅವಿಭಾಜ್ಯಗಳಿಗೆ ಕೊನೆಯೇ ಇಲ್ಲ. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕಾಲದಿಂದ್ಲೇ ಗೊತ್ತಿರೋದು. 2024ರಲ್ಲಿ ಸಿಕ್ಕ ಒಂದು ದೊಡ್ಡ ಅವಿಭಾಜ್ಯಕ್ಕೆ 4 ಕೋಟಿ 10 ಲಕ್ಷಕ್ಕೂ ಜಾಸ್ತಿ ಅಂಕಿ ಇದೆ, ಬಾಯಿಪಾಠ ಮಾಡ್ಬೇಡಿ.

ಪ್ರಶ್ನೆ (ಚಿಂತಾಮಣಿ): ಮೊಬೈಲ್ ನಂಬರ್ ಟೋಟಲ್ 5 ಬರುತ್ತೆ, ನ್ಯೂಮರಾಲಜಿಯವರು ಬದಲಾಯಿಸಿ ಅಂತಿದಾರೆ.

ಒಂದಂಕಿ ಬರೋವರೆಗೂ ಕೂಡಿದ್ರೆ ಸಿಗೋದು 9ರಿಂದ ಭಾಗಿಸಿದ ಶೇಷ, ಶೇಷ ಸೊನ್ನೆ ಆದ್ರೆ 9, ಅಷ್ಟೇ. ಮೇಲಿನ ಶಿರಾದವರ ಸಂಖ್ಯೆಗೂ 5ಏ ಬರೋದು. ಇದನ್ನ ಹೇಳೋಕೆ ಫೀಸ್ ತಗೊಳ್ಳೋರಿಗೆ 641ರ ಲೆಕ್ಕ ಮಾಡಿ ತೋರಿಸಿ ಅನ್ನಿ, ಆಮೇಲೆ ಸಿಮ್ ಬದಲಾಯಿಸೋ ಮಾತು.