ಪ್ರತಿಕ್ರಿಯೆ: ಮೊದಲು ಹತ್ತಿ ಹಾಕಿ, ಆಮೇಲೆ ಪೈಪು ಮುಟ್ಟಿ

ನಿಮ್ಮ ಸ್ಪೀಕರ್ ಬಾಕ್ಸಿನ ವಿವರ ಓದಿದೆ: 20 ಲೀಟರ್ ಪ್ಲೈವುಡ್ ಬಾಕ್ಸು, 5 ಇಂಚಿನ ಫುಲ್‌ರೇಂಜ್ (ಬಾಸಿನಿಂದ ಕೀರಲುವರೆಗೆ ಎಲ್ಲ ಸದ್ದಿಗೂ ಒಂದೇ) ಸ್ಪೀಕರ್, ಪೋರ್ಟಿಗೆ (ಬಾಕ್ಸಿನ ಗಾಳಿ ಒಳಗೆ ಹೊರಗೆ ಆಡುವ ತೂತು) ಒಳ ಅಗಲ 5 ಸೆಂ.ಮೀ., ಉದ್ದ 5 ಸೆಂ.ಮೀ. ಇರುವ ಪಿವಿಸಿ ಪೈಪು. ಗಂಡಸರ ದನಿ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ ಅಂದಿದ್ದೀರಿ, ಅಲ್ವಾ?

ಆ ಕೊಡದ ದನಿಗೆ ಮುಖ್ಯ ಕಾರಣ ಬೋಳು ಗೋಡೆಗಳು. ಕೋನಿನ (ಸ್ಪೀಕರಿನಲ್ಲಿ ಅದುರುವ ಭಾಗ) ಹಿಂದಿನ ಸದ್ದು ಅವಕ್ಕೆ ಬಡಿದು ಪೋರ್ಟಿನಿಂದ ಹೊರಗೆ ಬರುತ್ತದೆ. ನಮ್ಮ ದಾವಣಗೆರೆಯಲ್ಲಿ ಹಾಸಿಗೆ ಹೊಲಿಯುವವರ ಹತ್ತಿರ ಹಿಂಜಿದ ಹತ್ತಿ ಸಿಗುತ್ತದೆ. ಹಿಂಬದಿ, ಮೇಲೆ, ಒಂದು ಪಕ್ಕಕ್ಕೆ ಇಂಚು ದಪ್ಪ ಹರಡಿ, ತೆಳು ಬಟ್ಟೆ ಹೊದಿಸಿ ಪಿನ್ ಹೊಡೆಯಿರಿ. ಬಾಕ್ಸಿನ ತುಂಬ ಸುಮ್ನೆ ತುರುಕಬೇಡಿ, ಬಾಸ್ ಸಾಯುತ್ತದೆ. ಪೈಪಿನ ಒಳಬಾಯಿ ಸುತ್ತ ಜಾಗ ಖಾಲಿ ಇರಲಿ.

ಈಗಿನ ಅಳತೆಗೆ ಟ್ಯೂನಿಂಗ್, ಅಂದರೆ ಪೈಪಿನೊಳಗಿನ ಗಾಳಿ ಅತಿ ಜೋರಾಗಿ ಅದುರುವ ಸ್ವರ, ಸುಮಾರು 58 ಹರ್ಟ್ಜ್. ಪೈಪು 8 ಸೆಂ.ಮೀ. ಮಾಡಿದರೆ 50ಕ್ಕೆ ಇಳಿಯುತ್ತದೆ. 12 ಸೆಂ.ಮೀ. ಪೈಪು ತಂದು ಹಾಕಿ, ಕೇಳುತ್ತಾ ಸ್ವಲ್ಪಸ್ವಲ್ಪವೇ ಕತ್ತರಿಸಿ. ಕತ್ತರಿಸಿದ್ದು ಮತ್ತೆ ಬೆಳೆಯಲ್ಲ.

ಪರೀಕ್ಷೆ ಮಾಡೋದು ಹೀಗೆ. ಬಾಕ್ಸನ್ನು ಅಂಗಾತ ಮಲಗಿಸಿ (ಪೋರ್ಟ್ ಹಿಂದಿದ್ದರೆ ಎರಡು ಇಟ್ಟಿಗೆ ಮೇಲಿಡಿ), ಕೋನಿನ ಮೇಲೆ ನಾಲ್ಕು ಕಾಳು ಮಂಡಕ್ಕಿ ಹಾಕಿ. ಬೇಕಾದ ಹರ್ಟ್ಜ್‌ನ ಒಂದೇ ಸ್ವರ ನುಡಿಸುವ ಮೊಬೈಲ್ ಟೋನ್ ಆ್ಯಪನ್ನು ಸ್ಪೀಕರಿನಲ್ಲಿ ಹಾಕಿ, 80 ಹರ್ಟ್ಜ್‌ನಿಂದ ನಿಧಾನಕ್ಕೆ ಕೆಳಗಿಳಿಸಿ, ವಾಲ್ಯೂಮ್ ಕಡಿಮೆ ಇರಲಿ. ಕುಣಿಯುತ್ತಿದ್ದ ಮಂಡಕ್ಕಿ ಒಂದು ಕಡೆ ಹೆಚ್ಚುಕಮ್ಮಿ ನಿಂತುಬಿಡುತ್ತದೆ. ಅದೇ ನಿಮ್ಮ ಟ್ಯೂನಿಂಗ್. ಅದಕ್ಕಿಂತ ಕೆಳಗೆ ಕೋನು ಜಾಸ್ತಿ ಎಗರುತ್ತದೆ, ಅಲ್ಲಿ ವಾಲ್ಯೂಮ್ ಏರಿಸಬೇಡಿ. ಎಷ್ಟಕ್ಕೆ ನಿಂತಿತು ಅಂತ ಬರೆಯಿರಿ, ಮುಂದಿನ ಅಳತೆ ಸೇರಿ ನೋಡೋಣ.