ಅಣು ತ್ಯಾಜ್ಯದ ಸಮ್ಮೇಳನಗಳಿಂದ ಏನು ಸಿಕ್ಕಿತು?

ಪ್ರಶ್ನೆ: ಅಮೆರಿಕದಲ್ಲಿ ಪ್ರತಿವರ್ಷ ಅಣು ತ್ಯಾಜ್ಯದ ಬಗ್ಗೆ ದೊಡ್ಡ ಸಮ್ಮೇಳನ ನಡೆಯುತ್ತದಂತೆ, ಮಗ ಹೇಳಿದ. ಇದು ಯಾವಾಗ ಶುರುವಾಯ್ತು ಸಾರ್? ಇಷ್ಟು ವರ್ಷ ಮಾತಾಡಿ ಸಾಧಿಸಿದ್ದೇನು?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ನಿಮ್ಮ ಮಗ ಹೇಳಿದ್ದು ಅರಿಜೋನಾದ್ದಿರಬೇಕು. 1974ರಲ್ಲಿ ಟಕ್ಸನ್‌ನ ವಿಶ್ವವಿದ್ಯಾಲಯದಲ್ಲಿ ಶುರುವಾಗಿ, ಈಗ ಫೀನಿಕ್ಸ್‌ನಲ್ಲಿ ನಡೆಯುತ್ತದೆ. ಚರ್ಚೆ ಮಾತ್ರ ಅದಕ್ಕಿಂತ ಹಳೆಯದು. 1955ರ ಸೆಪ್ಟೆಂಬರ್‌ನಲ್ಲಿ ಪ್ರಿನ್ಸ್‌ಟನ್‌ನಲ್ಲಿ ಭೂವಿಜ್ಞಾನಿಗಳು ಸೇರಿ, ತ್ಯಾಜ್ಯವನ್ನು ನೆಲದಡಿ ಎಲ್ಲಿ ಇಡಬಹುದೆಂದು ಕೂತು ಯೋಚಿಸಿದರು. 1957ರ ವರದಿಯಲ್ಲಿ ಉಪ್ಪಿನ ಪದರಕ್ಕೆ ಮೊದಲ ಮಣೆ. ನೀರು ಹರಿದಾಡುವ ಜಾಗದಲ್ಲಿ ಉಪ್ಪು ಕೋಟ್ಯಂತರ ವರ್ಷ ಉಳಿಯುವುದೇ ಇಲ್ಲ, ಉಳಿದಿದೆ ಎಂದರೆ ಅಲ್ಲಿ ನೀರು ಹರಿದಿಲ್ಲ ಎಂದರ್ಥ; ಬಿರುಕು ಬಿಟ್ಟರೂ ನಿಧಾನವಾಗಿ ತಾನೇ ಕೂಡಿಕೊಳ್ಳುತ್ತದೆ. 1959ರಲ್ಲಿ ಮೊನಾಕೊದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವಾಯಿತು. ಆಗೆಲ್ಲ ಡ್ರಮ್ಮುಗಳಲ್ಲಿ ತುಂಬಿ ಸಮುದ್ರಕ್ಕೆ ಹಾಕುವುದೂ ನಡೆದಿತ್ತು. ಅದಕ್ಕೆ ಪೂರ್ತಿ ನಿಷೇಧ ಬಂದದ್ದು 1993ರಲ್ಲಿ.

ಹಾಸನದಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದಾಗ ನಮ್ಮ ಪ್ರಯೋಗಾಲಯದಲ್ಲಿ ಅಂಗಿಯ ಗುಂಡಿಯಷ್ಟಗಲದ, ವಿಕಿರಣ ಸೂಸುವ ಸೀಸಿಯಂ-137 ಬಿಲ್ಲೆಯೊಂದಿತ್ತು. ಸೀಸದ ಡಬ್ಬಿ, ಅದಕ್ಕೆ ಬೀಗ, ಹೊರತೆಗೆದರೆ ರಿಜಿಸ್ಟರಿನಲ್ಲಿ ಸಹಿ. ಅದರ ವಿಕಿರಣ ಅರ್ಧಕ್ಕಿಳಿಯಲು 30 ವರ್ಷ ಬೇಕು. ಅಣು ತ್ಯಾಜ್ಯದಲ್ಲಿರುವ ಪ್ಲುಟೋನಿಯಂ-239ಕ್ಕಾದರೆ ಸುಮಾರು 24,000 ವರ್ಷ! ಅಷ್ಟು ಕಾಲ ರಿಜಿಸ್ಟರ್ ಬರೆಯುವವರು ಯಾರು? ಈ ಸಮ್ಮೇಳನಗಳಿಗೆ ಬೆಲೆ ಇರುವುದೇ ಇಲ್ಲಿ. ಒಂದು ಕಡೆ ಎಡವಿದ್ದು ಇನ್ನೊಂದು ದೇಶದವರಿಗೆ ತಿಳಿಯಬೇಕು.

ಕಾನ್ಸಾಸ್‌ನ ಲಯನ್ಸ್ ಊರನ್ನೇ ನೋಡಿ. ಪ್ರಿನ್ಸ್‌ಟನ್ ವರದಿ ನೆಚ್ಚಿಕೊಂಡು 1970ರಲ್ಲಿ ತ್ಯಾಜ್ಯ ಇಡಲು ಅಲ್ಲಿನ ಹಳೇ ಉಪ್ಪಿನ ಗಣಿಯನ್ನು ಆರಿಸಿದರು. ಆಮೇಲೆ ನೋಡಿದರೆ ಸುತ್ತಮುತ್ತ ಎಣ್ಣೆ, ಗ್ಯಾಸಿಗಾಗಿ ಕೊರೆದ ಹಳೇ ಬಾವಿಗಳು; ನೀರು ಒಳಗಿಳಿಯಲು ಅವೇ ದಾರಿ. ಪಕ್ಕದ ಗಣಿಗೆ ಬಿಟ್ಟ ನೀರು ಎಲ್ಲಿಗೆ ಹೋಯಿತೆಂದೇ ಪತ್ತೆಯಿಲ್ಲ. 1972ರಲ್ಲಿ ಯೋಜನೆ ಕೈಬಿಟ್ಟರು. ಉಪ್ಪಿನ ಲೆಕ್ಕ ತಪ್ಪಿರಲಿಲ್ಲ, ಆ ಜಾಗ ತಪ್ಪಾಗಿತ್ತು. ಮುಂದೆ ನ್ಯೂ ಮೆಕ್ಸಿಕೊದ ಉಪ್ಪಿನಲ್ಲೇ 1999ರಿಂದ ಅಣ್ವಸ್ತ್ರ ತಯಾರಿಕೆಯ ಕೆಲಸಗಳಿಂದ ಬಂದ ತ್ಯಾಜ್ಯ ಇಡುತ್ತಿದ್ದಾರೆ. ಫಿನ್ಲೆಂಡಿನವರು 400 ಮೀಟರಿಗೂ ಆಳದ ಗಟ್ಟಿ ಬಂಡೆ ಕೊರೆದಿದ್ದಾರೆ. ಅಲ್ಲಿ ಊರಿನ ಕೌನ್ಸಿಲ್ ಬೇಡ ಎಂದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು, ಕಾನೂನೇ ಹಾಗಿದೆ. ನನಗೆ ಬಂಡೆಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲೂ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ಅಣು ತ್ಯಾಜ್ಯ ಬಿಸಿ ಸೂಸುವುದರಿಂದ, ವಿದ್ಯುತ್ ಹೀಟರ್ ಇಟ್ಟು ಬಂಡೆ ಎಷ್ಟು ಶಾಖ ತಾಳುತ್ತದೆಂದು ಪರೀಕ್ಷೆ ಮಾಡಿದ್ದರು. ತ್ಯಾಜ್ಯ ತಂದಿರಲಿಲ್ಲ. 2012ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ತ್ಯಾಜ್ಯ ಅಲ್ಲಿಗೆ ಬರುತ್ತದೆಂಬ ಸುದ್ದಿ ಹಬ್ಬಿ ಜನ ಬೀದಿಗಿಳಿದರು. ಆಮೇಲೆ ಸರ್ಕಾರ ಅಂಥ ಯೋಚನೆಯಿಲ್ಲ ಎಂದಿತು. ಹಳೇ ಪರೀಕ್ಷೆಯ ವಿವರವನ್ನು ಕೆಜಿಎಫ್‌ನಲ್ಲೇ ಸಭೆ ಕರೆದು, ಕನ್ನಡದಲ್ಲೂ ತಮಿಳಿನಲ್ಲೂ ಹೇಳಿದ್ದರೆ ಆ ಗಾಬರಿ ಅಷ್ಟಿರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.