ಗುಡುಗುಮೋಡಗಳಿಂದ ಗಾಮಾ ಕಿರಣ ಹೊಮ್ಮುವುದು ಉಪಗ್ರಹಗಳಿಗೆ ಗೊತ್ತಾದದ್ದು ಹೇಗೆ?

ಇದನ್ನು ಯಾರೂ ಹುಡುಕಿಕೊಂಡು ಹೋಗಿರಲಿಲ್ಲ. ಬಾಹ್ಯಾಕಾಶದ ಗಾಮಾ ಸ್ಫೋಟಗಳ ಅಧ್ಯಯನಕ್ಕೆಂದು ನಾಸಾ 1991ರಲ್ಲಿ ಕಕ್ಷೆಗೇರಿಸಿದ ಕಾಂಪ್ಟನ್ ವೀಕ್ಷಣಾಲಯದ ‘ಬ್ಯಾಟ್ಸೆ’ ಉಪಕರಣವು, ಭೂಮಿಯ ಕಡೆಯಿಂದಲೇ ಕೆಲವೇ ಮಿಲಿಸೆಕೆಂಡು ಬಾಳುವ ಗಾಮಾ ಹೊಳಪುಗಳು ಬರುತ್ತಿರುವುದನ್ನು ದಾಖಲಿಸಿತು. ಅವು ಗುಡುಗುಮೋಡಗಳ ಪ್ರದೇಶಗಳಿಗೆ ಸಂಬಂಧಿಸಿದವೆಂದು ಜೆರಾಲ್ಡ್ ಫಿಶ್‌ಮನ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದರು.

ಮೋಡದೊಳಗಿನ ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗದ ಸಮೀಪಕ್ಕೆ ಏರಿ, ಗಾಳಿಯ ಅಣುಗಳಿಗೆ ಬಡಿದು, ಇನ್ನಷ್ಟು ಎಲೆಕ್ಟ್ರಾನುಗಳನ್ನು ಹೊರಗೆಡಹುತ್ತ ಪ್ರವಾಹದಂತೆ ಬೆಳೆಯುತ್ತವೆ. ಪರಮಾಣು ಬೀಜಗಳ ಬಳಿ ಅವುಗಳ ಪಥ ಬಾಗಿದಾಗ ಕಳೆದುಹೋಗುವ ಶಕ್ತಿಯೇ ಗಾಮಾ ಕಿರಣವಾಗಿ ಹೊರಬರುತ್ತದೆ.

ನನ್ನ ದೃಷ್ಟಿಯಲ್ಲಿ ಅತ್ಯಂತ ವಿಸ್ಮಯಕರವಾದದ್ದು ಭೂಮಿಯನ್ನು ಸುತ್ತುತ್ತ ಗಾಮಾ ಕಿರಣಗಳನ್ನು ಗುರುತಿಸುವ ನಾಸಾದ ಫರ್ಮಿ ದೂರದರ್ಶಕದ 2009ರ ಡಿಸೆಂಬರ್ 14ರ ದಾಖಲೆ. ಆಗ ಅದು ಈಜಿಪ್ಟಿನ ಮೇಲಿತ್ತು. ಗುಡುಗುಮೋಡವೋ ಸುಮಾರು 4,500 ಕಿ.ಮೀ. ದೂರದ ಜಾಂಬಿಯಾದಲ್ಲಿ, ದಿಗಂತದ ಆಚೆಗಿತ್ತು, ಆದ್ದರಿಂದ ನೇರ ಗಾಮಾ ಕಿರಣ ತಲುಪುವಂತಿರಲಿಲ್ಲ. ಭೂಮಿಯ ಕಾಂತಕ್ಷೇತ್ರದ ರೇಖೆಯನ್ನು ಹಿಡಿದು ಬಂದ ಎಲೆಕ್ಟ್ರಾನುಗಳೂ, ಅವುಗಳ ಪ್ರತಿದ್ರವ್ಯ ರೂಪವಾದ ಪಾಸಿಟ್ರಾನುಗಳೂ ಫರ್ಮಿಗೆ ಬಡಿದವು. ಪಾಸಿಟ್ರಾನುಗಳು ನೌಕೆಯ ಎಲೆಕ್ಟ್ರಾನುಗಳೊಡನೆ ಸೇರಿ ನಾಶವಾದಾಗ ಹೊಮ್ಮಿದ, ಅಂಥ ನಾಶದ ಗುರುತೇ ಆದ 511 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಗಾಮಾ ಕಿರಣಗಳು, ಗುಡುಗುಮೋಡವು ಪ್ರತಿದ್ರವ್ಯವನ್ನೂ ಸೃಷ್ಟಿಸುತ್ತದೆ ಎಂಬುದಕ್ಕೆ ಸಾಕ್ಷಿಯಾದವು.